ಉಣ್ಣುವವರೂ ಉಣಿಸುವವರೂ

ಮೈಸೂರಿನ ಲಲಿತ ಮಹಲ್ ಅರಮನೆಯಲ್ಲಿ ಒಂದು ರಾತ್ರಿ ಊಟಮಾಡುವ ಅವಕಾಶ ಕೆಲವು ವರ್ಷಗಳ ಹಿಂದೆ ನನಗೆ ಒದಗಿತು. ನನ್ನ ಹಳೆಯ ವಿದ್ಯಾರ್ಥಿಯೊಬ್ಬರು ಪ್ರೀತಿಯಿಂದ ಕರೆದುಕೊಂಡು ಹೋಗಿದ್ದರು. ನಾನು ತಡಸದವನು. ತಡಸವೆಂದರೆ ಶಿಗ್ಗಾವಿ ತಾಲ್ಲೂಕಿನಲ್ಲಿ, ಹುಬ್ಬಳ್ಳಿಯಿಂದ ಮುಂಡಗೋಡದ ಕಡೆಗೆ ಹೋಗುವ ದಾರಿಯಲ್ಲಿರುವ ಊರು. ನಮ್ಮ ಸೀಮೆಯ ಹಿರಿಯರಿಗೆ ಮೈಸೂರಿನ ಅರಮನೆಗಳು ಬಹುಕಾಲ ಪರರಾಜ್ಯದ ಸಂಗತಿಗಳಾಗಿದ್ದವು. 1956ರವರೆಗೆ ನಮ್ಮದು ಮುಂಬಯಿ ಆಡಳಿತಕ್ಕೆ ಸೇರಿದ ಧಾರವಾಡ ಜಿಲ್ಲೆ. ನೆರೆಯ ಸವಣೂರಿನಲ್ಲಿ ನವಾಬರಿದ್ದರು ನಿಜ. ಆ ಸಂಸ್ಥಾನವೂ 1948ರಲ್ಲಿ ವಿಲೀನವಾಗಿ ಹೋಯಿತು. ಹೀಗಾಗಿ ಮನೆಯಿಂದ ಹೊರಗೆ ಉಣ್ಣುವುದೆಂದರೆ ನಮಗೆ ಖಾನಾವಳಿಯಲ್ಲಿ ಉಣ್ಣುವುದು, ಇಲ್ಲವೆ ಮಠದ ದಾಸೋಹದಲ್ಲಿ ಪಂಕ್ತಿ ಹಿಡಿದು ಕೂಡುವುದು. ಅರಮನೆಯಲ್ಲಿ ಉಣ್ಣುವುದು ಕಥೆಯಲ್ಲಿ ಮಾತ್ರ ಇತ್ತು.

ಅಂದು ನಾವು ಕುಳಿತದ್ದು ಒಂದು ಕಾಲಕ್ಕೆ ನರ್ತನಶಾಲೆಯಾಗಿದ್ದ ವಿಶಾಲವಾದ ಹಜಾರದಲ್ಲಿ. ಮೇಲೆ ಬಣ್ಣದ ಗಾಜಿನ ಗುಮ್ಮಟಗಳು, ಸುತ್ತ ಚಿತ್ತಾರದ ಗೋಡೆಗಳು, ಮೇಜಿನ ಮೇಲೆ ಬಿಳಿಯ ವಸ್ತ್ರ. ಬಡಿಸುತ್ತಿದ್ದವರು ವಯಸ್ಸಾದವರು, ಬಹಳ ಸೌಜನ್ಯದವರು. ಊಟ ಮುಗಿಯುವ ಹೊತ್ತಿಗೆ ನನ್ನ ಮೇಷ್ಟರ ಬುದ್ಧಿ ಸುಮ್ಮನಿರಲಿಲ್ಲ. “ನೀವು ಎಂದಾದರೂ ಇಲ್ಲಿ ಕುಳಿತು ಉಂಡದ್ದುಂಟೆ?” ಎಂದು ಅವರನ್ನು ಕೇಳಿದೆ. ಅವರು ನಕ್ಕರು. “ನಮ್ದು ಒಳಗಡೆ ಸಾರ್, ಎಲ್ರದ್ದೂ ಆದ್ಮೇಲೆ” ಎಂದರು. ಆ ಮಾತಿನಲ್ಲಿ ದೂರು ಇರಲಿಲ್ಲ. ಯಾವ ಭೋಜನಶಾಲೆಯಲ್ಲಿಯಾದರೂ ಬಡಿಸುವವರು ಕೊಡುವ ಉತ್ತರ ಅದೇ. ಆದರೂ ಆ ಮಾತು ನನ್ನೊಡನೆ ಊರಿಗೆ ಬಂದಿತು. ಯಾರು ಯಾರೊಡನೆ ಕುಳಿತು ಉಣ್ಣುತ್ತಾರೆ, ಯಾರು ಉಣಿಸಿ ದೂರ ನಿಲ್ಲುತ್ತಾರೆ ಎಂಬ ಪ್ರಶ್ನೆಯನ್ನು ಹಿಡಿದು ಹೊರಟರೆ ನಮ್ಮ ಚರಿತ್ರೆಯ ಬಹುಭಾಗವನ್ನು ನೋಡಿಬರಬಹುದೆಂದು ನನಗೆ ತೋರಿತು.

ಮೊದಲು ಆ ಅರಮನೆಯ ವಿಷಯವನ್ನೇ ನೋಡೋಣ. ಚಾಮುಂಡಿಬೆಟ್ಟದ ಬುಡದಲ್ಲಿ, ಊರಿನ ಸಂದಣಿಯಿಂದ ದೂರವಾಗಿ ನಿಂತಿರುವ ಈ ಬಿಳಿಯ ಸೌಧಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು ಶಂಕುಸ್ಥಾಪನೆ ಮಾಡಿದ್ದು 1918ರ ನವೆಂಬರ್ 18ರಂದು. ಕಟ್ಟಡ ಮುಗಿದದ್ದು 1921ರಲ್ಲಿ. ವಿನ್ಯಾಸ ಮಾಡಿದವರು ಮುಂಬಯಿಯ ಶಿಲ್ಪಿ ಇ. ಡಬ್ಲ್ಯು. ಫ್ರಿಚ್ಲಿ. ಅದರ ನಡುಗುಮ್ಮಟವನ್ನು ನೋಡಿದವರಿಗೆ ಲಂಡನ್ನಿನ ಸೇಂಟ್ ಪಾಲ್ಸ್ ಇಗರ್ಜಿ ನೆನಪಾಗುತ್ತದೆ. ಮಾದರಿ ಅದೇ ಎಂದು ಹೇಳುತ್ತಾರೆ. ಜೋಡಿಕಂಬಗಳ ಸಾಲು, ಇಟಲಿಯ ಅಮೃತಶಿಲೆಯ ಮೆಟ್ಟಿಲು, ಎಲ್ಲವೂ ಐರೋಪ್ಯ. ಹಾಗಿರುವುದು ಸಹಜವೇ. ಏಕೆಂದರೆ ಈ ಅರಮನೆಯನ್ನು ಕಟ್ಟಿಸಿದ್ದು ಅರಸರ ವಾಸಕ್ಕಲ್ಲ. ವೈಸರಾಯರು ಬಂದಾಗ ಇಳಿದುಕೊಳ್ಳಲಿ, ಉಳಿದ ಐರೋಪ್ಯ ಅತಿಥಿಗಳಿಗೂ ಅನುಕೂಲವಾಗಲಿ ಎಂಬ ಉದ್ದೇಶದಿಂದ.

ಈ ದೂರಕ್ಕೆ ಒಂದು ಕಾರಣ ಉಂಟು. ನಾಲ್ವಡಿಯವರು ಆಚಾರನಿಷ್ಠರು. ಐರೋಪ್ಯ ಅತಿಥಿಗಳೊಡನೆ ಅವರು ಸಹಭೋಜನ ಮಾಡುತ್ತಿರಲಿಲ್ಲ. ಔತಣದ ಊಟ ಮುಗಿಯುವ ಹೊತ್ತಿಗೆ ಸಭೆಗೆ ಆಗಮಿಸಿ, ಉಪಚಾರದ ಭಾಷಣ ಮಾಡುವುದು ರೂಢಿಯಾಗಿತ್ತು. ಅತಿಥಿಗಳಿಗೆ ಇದು ವಿಚಿತ್ರವಾಗಿ ಕಂಡಿರಬಹುದು. ಆದರೆ ಮಡಿಯೆಂಬುದು ಆತಿಥೇಯನ ಕಡೆಯಲ್ಲಿ ಮಾತ್ರ ಇತ್ತೆಂದು ನಾವು ತಿಳಿಯಬಾರದು. ಅದೇ ಕಾಲದಲ್ಲಿ ಇಂಗ್ಲಿಷರ ಎಷ್ಟೋ ಕ್ಲಬ್ಬುಗಳಲ್ಲಿ ಭಾರತೀಯರಿಗೆ ಪ್ರವೇಶವಿರಲಿಲ್ಲ. ಅವರ ಔತಣದ ಮೇಜಿನ ಸುತ್ತ ಯಾರು ಎಲ್ಲಿ ಕೂಡಬೇಕೆಂಬುದನ್ನು ಸರ್ಕಾರದ ಅಗ್ರಸ್ಥಾನದ ಪಟ್ಟಿಯೇ ನಿಶ್ಚಯಿಸುತ್ತಿತ್ತು. ಅಧಿಕಾರಿಗಳ ಹೆಂಡಂದಿರೂ ಆ ಪಟ್ಟಿಯ ಪ್ರಕಾರವೇ ಕೂಡಬೇಕು. ನಮ್ಮ ಪಂಕ್ತಿಗೂ ಅವರ ಮೇಜಿಗೂ ಎಲೆ ಮತ್ತು ತಟ್ಟೆಯ ವ್ಯತ್ಯಾಸವಿತ್ತೇ ಹೊರತು ಭಾವದ ವ್ಯತ್ಯಾಸ ಹೆಚ್ಚೇನೂ ಇರಲಿಲ್ಲ. ಎರಡು ಮಡಿಗಳು ಒಂದಕ್ಕೊಂದು ಗೌರವದಿಂದ ಕೈಮುಗಿದು, ಮುಟ್ಟದೆ ದೂರ ನಿಂತುದರ ಗುರುತಾಗಿ ಆ ಸುಂದರ ಸೌಧ ಎದ್ದಿತು ಎಂದರೆ ತಪ್ಪಾಗಲಾರದು.

1918 ಎಂಬ ವರ್ಷವನ್ನೂ ಇಲ್ಲಿ ನೆನೆಯಬೇಕು. ಆ ವರ್ಷ ದೇಶದಲ್ಲಿ ಮಳೆ ಕೈಕೊಟ್ಟಿತ್ತು. ಇನ್‌ಫ್ಲುಯೆಂಜಾ ಪಿಡುಗು ಮನೆಮನೆಗಳನ್ನು ಬರಿದು ಮಾಡಿತ್ತು. ಅಂಥ ಕಾಲದಲ್ಲಿ ಅತಿಥಿಗಳಿಗಾಗಿ ಅರಮನೆಗೆ ಅಡಿಗಲ್ಲು ಬಿದ್ದಿತು. ಇಷ್ಟನ್ನೇ ಹೇಳಿ ನಿಲ್ಲಿಸಿದರೆ ಆ ದೊರೆಗೆ ಅನ್ಯಾಯವಾದೀತು. ಅದೇ 1918ರಲ್ಲಿ ಅವರ ಸರ್ಕಾರ ನ್ಯಾಯಮೂರ್ತಿ ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಒಂದು ಸಮಿತಿಯನ್ನು ನೇಮಿಸಿತು. ಸರ್ಕಾರಿ ಕೆಲಸಗಳಲ್ಲಿ ಹಿಂದುಳಿದ ಜನಕ್ಕೆ ನ್ಯಾಯವಾದ ಪಾಲು ಹೇಗೆ ದೊರೆಯಬೇಕೆಂಬುದನ್ನು ವಿಚಾರಿಸುವುದು ಅದರ ಕೆಲಸ. 1919ರಲ್ಲಿ ವರದಿ ಬಂದಿತು. 1921ರಲ್ಲಿ ಅದನ್ನು ಅನುಸರಿಸಿ ಆದೇಶ ಹೊರಟಿತು. ಲಲಿತ ಮಹಲ್ ಪ್ರಾರಂಭವಾದ ವರ್ಷವೇ ಸಮಿತಿಯ ಪ್ರಾರಂಭ. ಅದು ಮುಗಿದ ವರ್ಷವೇ ಆದೇಶ. ಒಂದು ಕಡೆ ಊಟದ ಪಂಕ್ತಿಯಲ್ಲಿ ದೂರವನ್ನು ಕಾಯ್ದುಕೊಂಡ ಅರಸರೇ ಇನ್ನೊಂದು ಕಡೆ ಕಚೇರಿಯ ಪಂಕ್ತಿಯಲ್ಲಿ ದೂರ ಕುಳಿತವರನ್ನು ಒಳಕ್ಕೆ ಕರೆದರು. ಮನುಷ್ಯನ ಮನಸ್ಸಿನಲ್ಲಿ ಎಲ್ಲ ಬಾಗಿಲುಗಳೂ ಒಟ್ಟಿಗೆ ತೆರೆಯುವುದಿಲ್ಲ. ಉಣ್ಣುವ ಕೋಣೆಯ ಬಾಗಿಲು ತೆರೆಯುವುದು ಎಲ್ಲಕ್ಕಿಂತ ಕಡೆಗೆ.

ಅರಸರ ಊಟದ ಚರಿತ್ರೆ ನಮ್ಮಲ್ಲಿ ಇದಕ್ಕಿಂತ ಬಹಳ ಹಳೆಯದು. 11ನೆಯ ಶತಮಾನದ ಇಮ್ಮಡಿ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕಶಾಸ್ತ್ರಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ಕಲ್ಯಾಣದ ಚಾಲುಕ್ಯರಲ್ಲಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವನ್ನು ಕುರಿತ ಭಾಗವಿದೆ. ಇಂದಿನ ಇಡ್ಲಿ, ದೋಸೆ, ವಡೆಗಳ ಪೂರ್ವಜರೂ, ಬಗೆಬಗೆಯ ಮಾಂಸದ ಅಡಿಗೆಗಳೂ ಅಲ್ಲಿ ಕಾಣಸಿಗುತ್ತವೆ. 16ನೆಯ ಶತಮಾನದ ಆರಂಭದ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಕನ್ನಡ ಷಟ್ಪದಿಯಲ್ಲಿಯೇ ಬರೆದ. ಬದನೆಯಂಥ ಸಾಮಾನ್ಯ ಕಾಯಿಯ ಅಡಿಗೆಯನ್ನೂ ಕಾವ್ಯದ ಛಂದಸ್ಸಿಗೆ ಏರಿಸಿದ ಭಾಷೆ ನಮ್ಮದು. ರುಚಿಯ ವಿಷಯದಲ್ಲಿ ನಮ್ಮ ಪೂರ್ವಿಕರು ಅರಸಿಕರಾಗಿರಲಿಲ್ಲ ಎಂಬುದಕ್ಕೆ ಇಷ್ಟು ಸಾಕು.

ಆದರೆ ಇವು ಉಳ್ಳವರ ಊಟದ ಗ್ರಂಥಗಳು. ಇಲ್ಲದವರಿಗೂ ಅರಸನ ಅನ್ನಕ್ಕೂ ಇದ್ದ ಸಂಬಂಧವನ್ನು ತಿಳಿಯಬೇಕಾದರೆ ಶಾಸನಗಳ ಕಡೆಗೆ ತಿರುಗಬೇಕು. ಅಲ್ಲಿ ‘ಜೋಳವಾಳಿ’ ಎಂಬ ಮಾತು ಬರುತ್ತದೆ. ಒಡೆಯನು ಇಕ್ಕಿದ ಜೋಳವನ್ನು ಉಂಡವನು ಆ ಋಣಕ್ಕಾಗಿ ಕಾಳಗದಲ್ಲಿ ಪ್ರಾಣವನ್ನೊಪ್ಪಿಸುವ ಧರ್ಮವದು. ಪಂಪನ ಕರ್ಣನ ಬಾಳಿನ ಹಿಂದೆಯೂ ಈ ಅನ್ನದ ಋಣದ ಭಾವವೇ ಇದೆ. ನಮ್ಮ ಹಾನಗಲ್ಲು, ಶಿಗ್ಗಾವಿ, ಹಿರೇಕೆರೂರಿನ ಕಡೆ ಊರ ಹೊರಗೆ ನಿಂತಿರುವ ವೀರಗಲ್ಲುಗಳನ್ನು ನೋಡುವಾಗ ನನಗೆ ಈ ಮಾತು ನೆನಪಾಗುತ್ತದೆ. ಉಣಿಸಿದವನು ಕಟ್ಟಿಹಾಕುತ್ತಿದ್ದ; ಉಂಡವನು ಬಿಡಿಸಿಕೊಳ್ಳಲಾರದೆ ಸಾಯುತ್ತಿದ್ದ. ಇದರಲ್ಲಿ ಘನತೆಯೂ ಉಂಟು, ಕ್ರೌರ್ಯವೂ ಉಂಟು.

12ನೆಯ ಶತಮಾನದಲ್ಲಿ ಶರಣರು ಈ ಕಟ್ಟನ್ನು ಸಡಿಲಿಸಲು ಹೊರಟರು. ಉಣಿಸುವವನು ಒಡೆಯನಲ್ಲ, ದಾಸ ಎಂಬುದೇ ದಾಸೋಹದ ಅರ್ಥ. ಮುಂದೆ ನಮ್ಮ ಶಿಗ್ಗಾವಿ ತಾಲ್ಲೂಕಿನ ಬಾಡದಲ್ಲಿ ಹುಟ್ಟಿದರೆಂದು ಪ್ರತೀತಿಯಿರುವ ಕನಕದಾಸರು ಇದೇ ಪ್ರಶ್ನೆಯನ್ನು ಇನ್ನೊಂದು ರೀತಿಯಲ್ಲಿ ಎತ್ತಿದರು. ಅವರ ‘ರಾಮಧಾನ್ಯ ಚರಿತೆ’ಯ ಕಥೆ ಪ್ರಾರಂಭವಾಗುವುದೇ ಒಂದು ಔತಣದಿಂದ. ಋಷ್ಯಾಶ್ರಮದಲ್ಲಿ ಶ್ರೀರಾಮನಿಗೆ ಬಗೆಬಗೆಯ ಭಕ್ಷ್ಯಗಳ ಸತ್ಕಾರವಾಗುತ್ತದೆ. ಧಾನ್ಯಗಳಲ್ಲಿ ಯಾವುದು ಹೆಚ್ಚಿನದೆಂಬ ಚರ್ಚೆ ಏಳುತ್ತದೆ. ಭತ್ತ ತನ್ನ ಕುಲವನ್ನು ಹೊಗಳಿಕೊಂಡು ನರೆದಲೆಗನನ್ನು, ಎಂದರೆ ರಾಗಿಯನ್ನು, ಹೀಯಾಳಿಸುತ್ತದೆ. ಬಡವರನ್ನು ಕಣ್ಣೆತ್ತಿ ನೋಡದ ನಿನಗೆ ಏತರ ಹಿರಿಮೆ ಎಂದು ರಾಗಿ ತಿರುಗಿ ಕೇಳುತ್ತದೆ. ಎರಡನ್ನೂ ಆರು ತಿಂಗಳು ಸೆರೆಯಲ್ಲಿಡಲಾಗುತ್ತದೆ. ಅವಧಿ ಮುಗಿದಾಗ ಭತ್ತ ಕಂದಿತ್ತು, ರಾಗಿ ಗಟ್ಟಿಯಾಗಿತ್ತು. ರಾಮನು ತನ್ನ ಹೆಸರನ್ನೇ ರಾಗಿಗೆ ಕೊಟ್ಟು ಮನ್ನಿಸುತ್ತಾನೆ. ಪಂಕ್ತಿಯಲ್ಲಿ ಯಾರು ಕೂಡಬೇಕೆಂಬ ವಾದವನ್ನು ಕನಕದಾಸರು ಎಲೆಯ ಮೇಲೆ ಏನು ಬೀಳಬೇಕೆಂಬ ವಾದವನ್ನಾಗಿ ಮಾಡಿದರು. ಉಣ್ಣುವವರ ಮೇಲುಕೀಳು ಉಣ್ಣುವ ಕಾಳಿಗೂ ಅಂಟಿಕೊಳ್ಳುತ್ತದೆಂಬುದನ್ನು ಅವರಷ್ಟು ಸ್ಪಷ್ಟವಾಗಿ ಕಂಡವರು ವಿರಳ.

ಪಂಕ್ತಿಯನ್ನು ನಿಜವಾಗಿ ಕದಲಿಸಿದ್ದು ಹಣ ಕೊಟ್ಟು ಉಣ್ಣುವ ಪದ್ಧತಿ. ಫ್ರಾನ್ಸಿನಲ್ಲಿ 18ನೆಯ ಶತಮಾನದ ಕೊನೆಗೆ ಮಹಾಕ್ರಾಂತಿಯಾಗಿ ಶ್ರೀಮಂತರ ಮನೆಗಳು ಮುಚ್ಚಿದಾಗ, ಅವರ ಬಾಣಸಿಗರು ಹಲವರು ಪ್ಯಾರಿಸಿನಲ್ಲಿ ಭೋಜನಶಾಲೆಗಳನ್ನು ತೆರೆದರು. ಪ್ರಭುಗಳ ಅಡಿಗೆ ಪೇಟೆಗೆ ಬಂದಿತು. ನಮ್ಮಲ್ಲಿ ಈ ಕೆಲಸ ಮಾಡಿದವರು ಉಡುಪಿಯ ಹೋಟೆಲಿನವರು ಮತ್ತು ಉತ್ತರದಲ್ಲಿ ಖಾನಾವಳಿಯವರು. ಮೊದಮೊದಲು ಹೋಟೆಲುಗಳಲ್ಲಿಯೂ ಬ್ರಾಹ್ಮಣರಿಗೆ ಬೇರೆ ಜಾಗವಿರುತ್ತಿತ್ತು. ಎಲ್ಲರಿಗೂ ಒಂದೇ ಬೆಂಚು ಆಗುವುದಕ್ಕೆ ಕಾಲ ಹಿಡಿಯಿತು. ಸಂವಿಧಾನದ 15ನೆಯ ವಿಧಿ ಹೋಟೆಲು, ಭೋಜನಶಾಲೆಗಳನ್ನು ಹೆಸರಿಸಿಯೇ ಅಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದೆಂದು ಹೇಳಬೇಕಾಯಿತು.

ಅರಮನೆಗಳ ಬಾಗಿಲು ತೆರೆದದ್ದೂ ಇದೇ ಕಾಲದಲ್ಲಿ. ಜಯಪುರದ ರಾಮಬಾಗ್ ಅರಮನೆ 1957ರಲ್ಲಿ ಹೋಟೆಲಾಯಿತು. ಉದಯಪುರದ ಸರೋವರದ ಅರಮನೆ 1963ರಲ್ಲಿ. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯಿಂದ ರಾಜಧನ ರದ್ದಾದ ಮೇಲೆ ಈ ದಾರಿ ಹೆದ್ದಾರಿಯಾಯಿತು. ಲಲಿತ ಮಹಲ್ 1974ರಲ್ಲಿ ಹೋಟೆಲಾಗಿ, ಭಾರತ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಆಡಳಿತಕ್ಕೆ ಬಂದಿತು. ಬಹುಕಾಲದ ಮೇಲೆ ಅದು ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆಯ ಕೈಗೆ ಬಂದಿತು. ವೈಸರಾಯರಿಗೆಂದು ಕಟ್ಟಿದ ಹಜಾರದಲ್ಲಿ ತಡಸದ ಒಬ್ಬ ಮೇಷ್ಟರು ಕುಳಿತು ಉಣ್ಣುವಂತಾದದ್ದು ಹೀಗೆ. ಇದನ್ನು ನಾನು ಸಣ್ಣ ಬದಲಾವಣೆಯೆಂದು ತಿಳಿಯುವುದಿಲ್ಲ. ಬಾಗಿಲಲ್ಲಿ ಯಾರೂ ನನ್ನ ಕುಲವನ್ನು ಕೇಳಲಿಲ್ಲ, ಬಣ್ಣವನ್ನು ನೋಡಲಿಲ್ಲ. ಊಟದ ಕೊನೆಗೆ ಬಿಲ್ಲು ಬಂದಿತು. ನನ್ನ ವಿದ್ಯಾರ್ಥಿ ಹಣ ಕೊಟ್ಟರು. ಅಲ್ಲಿಗೆ ಋಣ ಹರಿಯಿತು. ಯಾರಿಗೂ ಪ್ರಾಣ ಕೊಡಬೇಕಾದ ಜೋಳವಾಳಿ ಇಲ್ಲ. ಬಿಲ್ಲಿನ ಕಾಗದವನ್ನು ನಾವು ಶಪಿಸುವುದುಂಟು. ಆದರೆ ಅದು ಮನುಷ್ಯನಿಗೆ ಕೊಟ್ಟ ಬಿಡುಗಡೆಯನ್ನು ಮರೆಯಬಾರದು.

ಬಿಡುಗಡೆ ಪೂರ್ಣವಾದದ್ದಲ್ಲ ಎಂಬುದೂ ನಿಜ. ಹಿಂದೆ ಹುಟ್ಟು ಪಂಕ್ತಿಯನ್ನು ನಿಶ್ಚಯಿಸುತ್ತಿತ್ತು, ಈಗ ಕಿಸೆ ನಿಶ್ಚಯಿಸುತ್ತದೆ. ಕಾಳುಗಳ ವಿಷಯದಲ್ಲಿಯೂ ಹೀಗೆಯೇ ಆಗಿದೆ. 2023ನೆಯ ವರ್ಷವನ್ನು ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಅದಾದ ಮೇಲೆ ರಾಗಿ, ಜೋಳ, ಸಾವೆ, ನವಣೆಗಳು ದೊಡ್ಡ ಹೋಟೆಲುಗಳ ಪಟ್ಟಿಯಲ್ಲಿ ಒಳ್ಳೆಯ ಬೆಲೆಯೊಡನೆ ಕಾಣಿಸಿಕೊಳ್ಳತೊಡಗಿವೆ. ಕನಕದಾಸರ ನರೆದಲೆಗ ಅರಮನೆಯ ಮೇಜಿಗೆ ಬಂದ; ಸಂತೋಷವೇ. ಆದರೆ ಅವನನ್ನು ಬೆಳೆದ ಒಕ್ಕಲಿಗ ಬಂದನೆ? ಅವನನ್ನು ಬೇಯಿಸಿ ಬಡಿಸಿದವರು ಕುಳಿತರೆ?

ಈ ಪ್ರಶ್ನೆಯನ್ನು ಅರಮನೆಗಳಿಗೆ, ಹೋಟೆಲುಗಳಿಗೆ ಕೇಳುವುದು ಸುಲಭ. ಮೈಸೂರಿನಿಂದ ಹಿಂದಿರುಗುವಾಗ ರೈಲಿನಲ್ಲಿ ಕುಳಿತು ಆ ಹಿರಿಯರ ಮಾತನ್ನು ನೆನೆಯುತ್ತಿದ್ದಂತೆ, ಅದೇ ಮಾತನ್ನು ನಾನು ಬೇರೆಲ್ಲಿಯೋ ಕೇಳಿದ್ದೇನೆಂದು ಅನ್ನಿಸತೊಡಗಿತು. ಹಾವೇರಿ ದಾಟುವ ಹೊತ್ತಿಗೆ ಅದು ಹೊಳೆಯಿತು. ತಡಸದ ನಮ್ಮ ಮನೆಯಲ್ಲಿ ಅವ್ವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಿದ್ದಳು. ಅಪ್ಪ, ಕಾಕಾ, ಅಣ್ಣತಮ್ಮಂದಿರು, ಬಂದ ಬೀಗರು, ಹೊಲದ ಆಳು, ಎಲ್ಲರದೂ ಆಗಬೇಕು. “ನೀನೂ ಕೂಡಬೇ ಅವ್ವ” ಎಂದರೆ, “ನಿಮ್ದೆಲ್ಲಾ ಆಗ್ಲಿ, ನಂದೇನೈತಿ” ಎನ್ನುತ್ತಿದ್ದಳು. ಎಲ್ಲರದೂ ಆದಮೇಲೆ ಏನು ಉಳಿಯುತ್ತಿತ್ತು, ಅವಳು ಯಾವಾಗ ಉಣ್ಣುತ್ತಿದ್ದಳು ಎಂದು ನಾನು ತಿರುಗಿ ನೋಡಲಿಲ್ಲ. ಅವಳು ಕುಳಿತು ಉಣ್ಣುತ್ತಿದ್ದ ಒಂದು ಚಿತ್ರವೂ ನನ್ನ ನೆನಪಿನಲ್ಲಿಲ್ಲ. ಪಂಪ, ಕನಕದಾಸರನ್ನು ಎಷ್ಟೋ ವರ್ಷ ಪಾಠ ಹೇಳಿದ ನನಗೆ ಈ ಸಂಗತಿ ಹೊಳೆಯಲು ಒಂದು ಅರಮನೆಯ ಊಟ ಬೇಕಾಯಿತು.

ಅರಸರ ಪಂಕ್ತಿ ಕದಲಿತು, ಅಗ್ರಹಾರದ ಪಂಕ್ತಿ ಕದಲಿತು, ಸಾಹೇಬರ ಮೇಜೂ ಕದಲಿತು. ಅಡಿಗೆಮನೆಯ ಪಂಕ್ತಿ ಎಲ್ಲ ಮನೆಗಳಲ್ಲಿಯೂ ಕದಲಿದೆಯೆಂದು ಹೇಳುವ ಧೈರ್ಯ ನನಗಿಲ್ಲ. ಅವ್ವ ಈಗ ಇಲ್ಲ. ನಮ್ಮ ಮನೆಯಲ್ಲಿ ಈಗ ಪಾತ್ರೆಗಳನ್ನೆಲ್ಲ ನಡುವೆ ತಂದಿಟ್ಟು, ಬೇಯಿಸಿದವರು ಕುಳಿತ ಮೇಲೆಯೇ ಉಳಿದವರು ತುತ್ತು ಎತ್ತುತ್ತೇವೆ. ರೊಟ್ಟಿ ತುಸು ಆರಿರುತ್ತದೆ. ಅದಕ್ಕಾಗಿ ಯಾರೂ ಗೊಣಗುವುದಿಲ್ಲ.