ಹಾಡಿನೊಳಗಿದ್ದ ಊರಿನ ಹೆಸರು



ತರಗತಿಯಲ್ಲಿ ಶಾಸನಗಳ ಪಾಠ ಬಂದಾಗ ನಾನು ಹೇಳುತ್ತಿದ್ದ ಮಾತು ನಿಮಗೆ ನೆನಪಿರಬಹುದು: ಕಲ್ಲಿನ ಮೇಲೆ ಊರಿನ ಹೆಸರೊಂದು ಉಳಿದಿದ್ದರೆ ಸಾಕು, ಸಾವಿರ ವರ್ಷಗಳ ಬಳಿಕವೂ ಅದರ ಜಾಡು ಹಿಡಿಯಬಹುದು. ಇಂದು ಹೇಳಹೊರಟಿರುವುದು ಹಾಡಿನಲ್ಲಿ ಉಳಿದುಕೊಂಡ ಒಂದು ಊರಿನ ವೃತ್ತಾಂತ.

ಅಮೆರಿಕದ ಮಿಸಿಸಿಪಿ ರಾಜ್ಯದ ಅವಲಾನ್ ಎಂಬ ಸಣ್ಣ ಹಳ್ಳಿಯಲ್ಲಿ ಬೆಳೆದವನು ಜಾನ್ ಹರ್ಟ್. ಕಪ್ಪು ಜನಾಂಗದ ಬಡ ರೈತ. ಸುಮಾರು ಒಂಬತ್ತನೆಯ ವಯಸ್ಸಿನಲ್ಲಿ ಗಿಟಾರ್ ಹಿಡಿದ ಈತ ಗುರುವಿಲ್ಲದೆಯೇ ಅದನ್ನು ನುಡಿಸಲು ಕಲಿತ. ಹೆಬ್ಬೆರಳಿನಿಂದ ಮಂದ್ರದ ತಂತಿಗಳನ್ನು ಒಂದೇ ಲಯದಲ್ಲಿ ಮೀಟುತ್ತ, ಉಳಿದ ಬೆರಳುಗಳಿಂದ ಹಾಡಿನ ಧಾಟಿಯನ್ನು ನುಡಿಸುತ್ತಿದ್ದ. ಕಣ್ಣು ಮುಚ್ಚಿ ಕೇಳಿದರೆ ಇಬ್ಬರು ನುಡಿಸುತ್ತಿರುವಂತೆ ಭಾಸವಾಗುತ್ತದೆ! ಆ ಸೀಮೆಯ ಕಪ್ಪು ಜನರ ದುಡಿಮೆ, ದುಃಖಗಳಿಂದ ಹುಟ್ಟಿದ ಬ್ಲೂಸ್ ಎಂಬ ಗಾನಪದ್ಧತಿಯನ್ನು ಆತ ಮೆಲುದನಿಯಲ್ಲಿ, ಮನೆಯ ಜಗಲಿಯ ಮೇಲೆ ಕುಳಿತು ಹಾಡುವವನಂತೆ ಹಾಡುತ್ತಿದ್ದ.

ನೆರೆಯ ಪಿಟೀಲುವಾದಕನೊಬ್ಬನ ಶಿಫಾರಸಿನಿಂದ 1928ರಲ್ಲಿ ಓಕೆ ಎಂಬ ಗ್ರಾಮಫೋನ್ ಕಂಪನಿ ಆತನ ಹಾಡುಗಳನ್ನು ಮೊದಲು ಮೆಂಫಿಸ್‌ನಲ್ಲಿ, ಅನಂತರ ನ್ಯೂಯಾರ್ಕಿನಲ್ಲಿ ಮುದ್ರಿಸಿಕೊಂಡಿತು. ಮಹಾನಗರದಲ್ಲಿ ಊರಿನ ಹಂಬಲ ಕಾಡಿರಬೇಕು; ಅಲ್ಲಿ ಹಾಡಿದ ಒಂದು ಹಾಡಿನಲ್ಲಿ ಅವಲಾನ್ ತನ್ನೂರೆಂದು ಹೇಳಿಕೊಂಡ. ತಟ್ಟೆಗಳು ಹೆಚ್ಚು ಮಾರಾಟವಾಗಲಿಲ್ಲ. ಮರುವರ್ಷವೇ ಮಹಾ ಆರ್ಥಿಕ ಕುಸಿತ ಬಂದೆರಗಿತು. ಹರ್ಟ್ ಮತ್ತೆ ಹೊಲಕ್ಕೆ, ದನಕರುಗಳ ಕಾಯಕಕ್ಕೆ ಮರಳಿದ. ಲೋಕ ಆತನನ್ನು ಮರೆಯಿತು.

1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬ ಬಿಳಿಯ ಯುವಕ ಆ ಹಾಡು ಕೇಳಿ ಭೂಪಟ ಹುಡುಕಿದ. ಹೊಸ ಭೂಪಟಗಳಲ್ಲಿ ಅವಲಾನ್ ಇರಲಿಲ್ಲ. 1878ರ ಒಂದು ಹಳೆಯ ಭೂಪಟದಲ್ಲಿ ಸಿಕ್ಕಿತು! ಬಾಗಿಲಿಗೆ ಬಂದ ಬಿಳಿಯನನ್ನು ಕಂಡ ಮುದುಕ, ಸರ್ಕಾರದ ಪತ್ತೇದಾರನೇ ಬಂದನೆಂದು ಅಂಜಿದ. ವರ್ಣಭೇದದ ಮಿಸಿಸಿಪಿಯಲ್ಲಿ ಆ ಅಂಜಿಕೆ ಅಸಹಜವಲ್ಲ. ಆಗ ಆತನ ಬಳಿ ಸ್ವಂತ ಗಿಟಾರೂ ಇರಲಿಲ್ಲ. ಅದೇ ವರ್ಷ ನ್ಯೂಪೋರ್ಟ್ ಜಾನಪದ ಉತ್ಸವದಲ್ಲಿ ಸಹಸ್ರಾರು ಜನ ಆತನನ್ನು ಕೇಳಿ ಬೆರಗಾದರು. 1966ರಲ್ಲಿ ತೀರಿಕೊಳ್ಳುವವರೆಗೆ ಮೂರು ವರ್ಷಗಳ ಕೀರ್ತಿ ಆತನಿಗೆ ದಕ್ಕಿತು.

ವಿಚಿತ್ರವೆಂದರೆ, ಹರ್ಟ್ ನ್ಯೂಯಾರ್ಕಿಗೆ ಹೋದ 1928ರಲ್ಲಿಯೇ ಗೌಹರ್ ಜಾನ್ ನಮ್ಮ ಮೈಸೂರು ಅರಮನೆಯ ಆಶ್ರಯಕ್ಕೆ ಬಂದರು. 1902ರಷ್ಟು ಹಿಂದೆಯೇ ಗ್ರಾಮಫೋನಿಗೆ ಹಾಡಿದ್ದ ಆಕೆ, ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದರು. 1930ರಲ್ಲಿ ಮೈಸೂರಿನಲ್ಲಿಯೇ ಅವರ ಅಂತ್ಯವಾಯಿತು. ಆದರೆ ಧ್ವನಿ ಉಳಿಯಿತು, ಅದರೊಡನೆ ಹೆಸರೂ ಉಳಿಯಿತು.

ನಮ್ಮ ತೂಬಗೆರೆ ಸೀಮೆಯೆಂದರೆ ಹಲಸಿನ ಹಣ್ಣು ಎನ್ನುವವರೇ ಬಹಳ. ಆದರೆ ನನ್ನ ಬಾಲ್ಯದಲ್ಲಿ ಏಕತಾರಿ ಹಿಡಿದು ರಾತ್ರಿಯಿಡೀ ತತ್ತ್ವಪದ ಹಾಡುತ್ತಿದ್ದ ಹಿರಿಯರೊಬ್ಬರಿದ್ದರು. ಅವರಿಗೂ ಗುರುವಿರಲಿಲ್ಲ. ಅವರ ಧ್ವನಿಯನ್ನು ಯಾರೂ ಹಿಡಿದಿಡಲಿಲ್ಲ; ಟೇಪ್ ರೆಕಾರ್ಡರ್ ಕೊಳ್ಳುವ ಶಕ್ತಿ ಬಂದಮೇಲೂ ನಾನು ಆ ಕೆಲಸ ಮಾಡಲಿಲ್ಲ. ಇತಿಹಾಸದ ಮೇಷ್ಟರ ಈ ಲೋಪವನ್ನು ಒಪ್ಪಿಕೊಳ್ಳದೆ ವಿಧಿಯಿಲ್ಲ.

ನಿಮ್ಮ ಅಜ್ಜಿಯರು ಸೋಬಾನೆಯನ್ನೋ ರಾಗಿ ಬೀಸುವ ಪದವನ್ನೋ ಇನ್ನೂ ಹಾಡಬಲ್ಲವರಾದರೆ ಇಂದೇ ಧ್ವನಿಮುದ್ರಿಸಿಕೊಳ್ಳಿ. ಮೊದಲು ಅವರ ಬಾಯಿಂದಲೇ ಅವರ ಹೆಸರು, ಊರಿನ ಹೆಸರು ಹೇಳಿಸಿ. ಮುಂದೊಂದು ದಿನ ಯಾರಾದರೂ ಹುಡುಕಿಕೊಂಡು ಬಂದಾರು.