ಕಷ್ಟಕಾಲದಲ್ಲಿ ಕಡ ತಂದ ಕಥೆಗಳು

ರಾಯಚೂರು ಸೀಮೆಗೆ ಟಿ.ವಿ. ಬಂದದ್ದೇ ಕಡ ತಂದ ಉಪಗ್ರಹದಿಂದ. 1975ರ ಆಗಸ್ಟ್ 1ರಿಂದ ಒಂದು ವರ್ಷ ನಡೆದ ‘ಸೈಟ್’ (ಉಪಗ್ರಹದ ಮೂಲಕ ಟಿ.ವಿ. ಬೋಧನೆ) ಪ್ರಯೋಗಕ್ಕೆ ಅಮೆರಿಕದ ನಾಸಾ ತನ್ನ ಎಟಿಎಸ್-6 ಉಪಗ್ರಹವನ್ನು ಬಿಟ್ಟುಕೊಟ್ಟಿತ್ತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳು ಅದರ ವ್ಯಾಪ್ತಿಗೆ ಬಂದವು. ಕರ್ನಾಟಕದಿಂದ ಸೇರಿದ್ದು ರಾಯಚೂರು, ಗುಲ್ಬರ್ಗಾ, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಬೆಂಗಳೂರಿನಲ್ಲಿ ದೂರದರ್ಶನ ಶುರುವಾಗುವುದಕ್ಕೆ ಇನ್ನೂ ಆರು ವರ್ಷವಿತ್ತು. ತಂತಿಬಲೆಯ ಆಂಟೆನಾ ಹಾಕಿ, ಊರವರೆಲ್ಲ ಒಂದೇ ಪೆಟ್ಟಿಗೆಯ ಮುಂದೆ ಕೂತು ನೋಡಿದ್ದು ಒಕ್ಕಲುತನ, ಆರೋಗ್ಯ, ಮಕ್ಕಳ ಪಾಠ. ಕಾರ್ಯಕ್ರಮ ತಯಾರಾಗುತ್ತಿದ್ದುದು ಹೈದರಾಬಾದಿನಲ್ಲಿ. ಉಪಗ್ರಹ ಪರದೇಶದ್ದಾದರೂ ಮಾತು ಕನ್ನಡವಾಗಿತ್ತು.

ಮುಂದೆ ಕಥೆಯೂ ಮಾತೂ ಪರದೇಶದ್ದೇ ಆದವು. 1991ರಲ್ಲಿ ವಿದೇಶಿ ವಿನಿಮಯ ಬರಿದಾಗಿ ದೇಶ ಚಿನ್ನ ಅಡವಿಟ್ಟಿತು. ಅದೇ ವರ್ಷ ಹಾಂಗ್‌ಕಾಂಗಿನಿಂದ ಶುರುವಾದ ಸ್ಟಾರ್ ಟಿ.ವಿ. ‘ದಿ ಬೋಲ್ಡ್ ಅಂಡ್ ದಿ ಬ್ಯೂಟಿಫುಲ್’ನಂಥ ಅಮೆರಿಕದ ಧಾರಾವಾಹಿಗಳನ್ನು ನಮ್ಮ ಪಟ್ಟಣಗಳಿಗೆ ತಂದಿತು. ತನ್ನ ನಾಡಿನಲ್ಲೇ ಖರ್ಚು ಗಿಟ್ಟಿಸಿಕೊಂಡ ಧಾರಾವಾಹಿಯನ್ನು ಹೊರಗೆ ಅಗ್ಗಕ್ಕೆ ಮಾರಬಹುದು. ಹೊಸದು ತೆಗೆಯಲು ಹಣವಿಲ್ಲದ ವಾಹಿನಿಗೆ ಅದೇ ಆಸರೆ.

ಕನ್ನಡದಲ್ಲಿ ಮಾತ್ರ ಈ ಸಲೀಸು ದಾರಿ ಮುಚ್ಚಿತ್ತು. 1960ರ ದಶಕದ ಚಳವಳಿಯಿಂದ ಡಬ್ಬಿಂಗ್‌ಗೆ ಚಿತ್ರರಂಗವೇ ತಡೆ ಹಾಕಿಕೊಂಡಿತ್ತು. ಪರಭಾಷೆಯ ಚಿತ್ರಗಳಡಿ ಕನ್ನಡದ ಕಲಾವಿದರು ನಲುಗುತ್ತಿದ್ದ ಆ ಹೊತ್ತಿಗೆ ಅದು ಸರಿಯಾದ ಹೋರಾಟವೇ. ಹಾಗಾಗಿ 1994ರಲ್ಲಿ ಉದಯ ಟಿ.ವಿ. ಬಂದ ಮೇಲೂ ಹೊರಗಿನ ಧಾರಾವಾಹಿಗಳು ಇಲ್ಲಿಗೆ ರೀಮೇಕ್ ಆಗಿಯೇ ಬಂದವು, ವಿದೇಶಿ ಆಟಗಳು ಅಚ್ಚಿನ (ಫಾರ್ಮ್ಯಾಟ್) ರೂಪದಲ್ಲಿ ಬಂದವು. 2012ರ ‘ಕನ್ನಡದ ಕೋಟ್ಯಧಿಪತಿ’ ಬ್ರಿಟನ್ನಿನ ಅಚ್ಚು, ಮರುವರ್ಷದ ‘ಬಿಗ್ ಬಾಸ್’ ನೆದರ್‌ಲೆಂಡ್ಸಿನದು. ಅದೇ 2012ರಲ್ಲಿ ಆಮಿರ್ ಖಾನ್ ಅವರ ‘ಸತ್ಯಮೇವ ಜಯತೇ’ ತೆಲುಗು, ತಮಿಳಿನಲ್ಲಿ ಮಾತಾಡಿತು, ಕನ್ನಡದಲ್ಲಿ ಮಾತಾಡಲಿಲ್ಲ. ತೆಲುಗು ಬಲ್ಲ ಗಿಲ್ಲೆಸುಗೂರಿನಂಥ ರಾಯಚೂರಿನ ಗಡಿಯ ಊರಿನಲ್ಲಿ ಇಂಥ ತಡೆ ನೋಡುಗರನ್ನು ಪಕ್ಕದ ವಾಹಿನಿಗೆ ತಳ್ಳುತ್ತಿತ್ತೆಂಬುದು ನನ್ನ ತಕರಾರು.

2015ರ ಜುಲೈನಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ತಡೆ ಕಾನೂನಿಗೆ ವಿರುದ್ಧವೆಂದಿತು. ಬಾಗಿಲು ಪೂರ್ತಿ ತೆರೆದದ್ದು 2020ರಲ್ಲಿ. ಲಾಕ್‌ಡೌನ್‌ನಿಂದ ಚಿತ್ರೀಕರಣ ನಿಂತಿತು, ಜಾಹೀರಾತು ಬತ್ತಿತು. ಏಪ್ರಿಲ್–ಜೂನ್‌ನಲ್ಲಿ ದೇಶದ ಉತ್ಪನ್ನ ಸುಮಾರು ಶೇ 24ರಷ್ಟು ಕುಸಿಯಿತು. ಮೇ ತಿಂಗಳಲ್ಲಿ ಸ್ಟಾರ್ ಸುವರ್ಣದಲ್ಲಿ ಹಿಂದಿಯ ‘ಮಹಾಭಾರತ’ ಕನ್ನಡವಾಡಿತು. ಜುಲೈನಲ್ಲಿ ಜೀ ಕನ್ನಡದ ‘ಮಹಾನಾಯಕ’ ಬಂತು. ಅಂಬೇಡ್ಕರರ ಬದುಕಿನ ಈ ಡಬ್ಬಿಂಗ್ ಧಾರಾವಾಹಿಗೆ ರಾಜ್ಯದ ಊರೂರಲ್ಲಿ ಜನರೇ ಬ್ಯಾನರ್ ಕಟ್ಟಿದರು. ಕಡ ತಂದದ್ದನ್ನು ಕನ್ನಡಿಗರು ಹೀಗೆ ಸ್ವಂತ ಮಾಡಿಕೊಂಡದ್ದು ಅಪರೂಪ.

ಆದರೂ ಒಂದು ಕೊರತೆ ನನ್ನನ್ನು ಬಾಧಿಸುತ್ತದೆ. ಡಬ್ ಆದದ್ದಿರಲಿ, ಸ್ವಂತದ್ದಿರಲಿ, ವಾಹಿನಿಗಳ ಮಾತು ಬಹುಪಾಲು ಮೈಸೂರು–ಬೆಂಗಳೂರು ಕಡೆಯದು. ರಾಯಚೂರು ಸೀಮೆಯ ದೇವದುರ್ಗ, ಮಾನ್ವಿಯ ಮಾತು ಅಲ್ಲಿ ಹೆಚ್ಚಾಗಿ ನಗಿಸುವುದಕ್ಕೆ ಬರುತ್ತದೆ. ಕೈಯಲ್ಲಿ ಕಾಸಿರುವಾಗಲಾದರೂ ವಾಹಿನಿಗಳು ಈ ಸೀಮೆಯ ಕಥೆಯನ್ನು ಈ ಸೀಮೆಯ ಮಾತಿನಲ್ಲೇ ತೆಗೆಯಲಿ.