ಕಡಿವಾಣದ ಕಥೆ

ಕುದುರೆಯ ಬಾಯಲ್ಲಿ ಮುಂಬಲ್ಲುಗಳ ಸಾಲು ಮುಗಿದು ದವಡೆಹಲ್ಲುಗಳ ಸಾಲು ತೊಡಗುವುದಕ್ಕೆ ಮೊದಲು, ಎರಡು ಪಾರ್ಶ್ವಗಳಲ್ಲಿಯೂ ಹಲ್ಲಿಲ್ಲದ ಒಂದು ತೆರವುಂಟು. ತೆಳ್ಳನೆಯ ಪೊರೆಯ ಕೆಳಗೆ ಒಡನೆಯೇ ಎಲುಬು ತಗಲುವ ಆ ಅತಿ ಕೋಮಲವಾದ ಎಡೆಯಲ್ಲಿ ಲೋಹದ ತುಂಡೊಂದನ್ನಿರಿಸಿ, ಅದಕ್ಕೆ ತೊಗಲಿನ ವಾಘೆಗಳನ್ನು ಕಟ್ಟಿ, ಮನುಷ್ಯನು ತನಗಿಂತ ಹಲವು ಪಾಲು ಬಲಿಷ್ಠವಾದ ಪ್ರಾಣಿಯನ್ನು ಸಹಸ್ರಾರು ವರ್ಷಗಳಿಂದ ತನ್ನ ಇಚ್ಛೆಗೆ ಒಳಪಡಿಸಿಕೊಂಡು ಬಂದಿದ್ದಾನೆ. ಆ ಸಾಧನಕ್ಕೆ ನಮ್ಮಲ್ಲಿರುವ ಹೆಸರುಗಳೇ ಒಂದು ಚರಿತ್ರೆ: ಸಂಸ್ಕೃತದ ‘ಖಲೀನ’ ಶಬ್ದವು ಗ್ರೀಕರ ‘ಖಲಿನೋಸ್’ನಿಂದ ಬಂದುದೆಂದು ಭಾಷಾಪಂಡಿತರು ಹೇಳುವರು, ‘ಲಗಾಮು’ ಪಾರಸಿಯಿಂದ ಬಂದಿತು, ನಮ್ಮ ‘ಕಡಿವಾಣ’ದಲ್ಲಿ ಕಚ್ಚುವುದೆಂಬ ಅರ್ಥದ ‘ಕಡಿ’ ಧಾತುವಿನ ಧ್ವನಿ ಇಂದಿಗೂ ಕೇಳಿಬರುತ್ತದೆ.

ನಾನು ಬೆಳೆದ ಬೆಂಗಳೂರಿನ ರಾಜಾಜಿನಗರದಲ್ಲಿ ಆ ಕಾಲಕ್ಕೆ ಜಟಕಾಗಾಡಿಗಳು ಇನ್ನೂ ಓಡಾಡುತ್ತಿದ್ದವು. ಮನೆಯ ಮುಂದೆ ನಿಂತ ಗಾಡಿಯೊಂದರ ಬಡಕಲು ಕುದುರೆಯ ಕಟವಾಯಿಯಲ್ಲಿ ಒಣಗಿದ ಗಾಯದ ಮೇಲೆ ಹೊಸ ಗಾಯವಾಗಿದ್ದುದನ್ನು ಕಂಡ ದಿನದಿಂದ, ಕಡಿವಾಣವೆಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಆ ಕಟವಾಯಿಯೇ ನನ್ನ ಕಣ್ಣ ಮುಂದೆ ಬರುತ್ತದೆ. ಗಾಡಿಯವನು ಕ್ರೂರಿಯಾಗಿರಲಿಲ್ಲ, ಕುದುರೆಯ ಬಾಯಿಗೂ ಒಂದು ಅಳತೆಯುಂಟೆಂಬುದನ್ನು ಅವನಿಗೆ ಯಾರೂ ಕಲಿಸಿರಲಿಲ್ಲ.

ಕಲಿಸತಕ್ಕ ವಿದ್ಯೆಗೆ ನಮ್ಮ ನಾಡಿನಲ್ಲಿ ಕೊರತೆಯಿರಲಿಲ್ಲವೆಂಬುದನ್ನು ನಮ್ಮ ಬಡಾವಣೆಗಳ ಹೆಸರುಗಳೇ ನೆನಪಿಗೆ ತರುತ್ತವೆ. ಬಸವೇಶ್ವರನಗರವೆಂದೊಡನೆ ಬಸವಣ್ಣನವರ ಕಲ್ಯಾಣವು ಮನಸ್ಸಿಗೆ ಬರುವುದಷ್ಟೆ. ಅದೇ ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ರಾಜನ ವಿನೋದಗಳ ನಡುವೆ ವಾಜಿವಾಹ್ಯಾಲಿಗೆ, ಎಂದರೆ ಕುದುರೆಯನ್ನೇರಿ ಚೆಂಡಾಡುವ ಕ್ರೀಡೆಗೆ, ವಿಸ್ತಾರವಾದ ಸ್ಥಾನವಿದೆ. ವಿಜಯನಗರದ ಅರಸರಿಗಂತೂ ಅಶ್ವವು ರಾಜ್ಯದ ಪ್ರಾಣವೇ ಆಗಿದ್ದಿತು. ಹೊರ್ಮುಜಿನಿಂದ ಕಡಲ ಮೇಲೆ ಬರುವ ಕುದುರೆಗಳನ್ನು ಸಾಳುವ ನರಸಿಂಹನು ಸತ್ತುವಾದರೂ ಸರಿ, ಬದುಕಿದ್ದವಾದರೂ ಸರಿ ಎಂದು ಕೊಳ್ಳುತ್ತಿದ್ದನೆಂದೂ, ದಾರಿಯಲ್ಲಿ ಸತ್ತುದರ ಬಾಲವನ್ನು ತಂದೊಪ್ಪಿಸಿದರೂ ಬೆಲೆ ಸಲ್ಲುತ್ತಿದ್ದಿತೆಂದೂ ಪೋರ್ಚುಗೀಸ್ ವರ್ತಕ ನೂನಿಜನು ಬರೆದಿರುವನು. ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಮೇಲೆ ಸಾಲುಗಟ್ಟಿ ನಡೆಯುವ ಕುದುರೆಗಳನ್ನು ನೋಡಿದವರಿಗೆ ಆ ಬೆಲೆಯ ಅರ್ಥವಾಗದಿರದು.

ನಮ್ಮ ಇನ್ನೊಂದು ಬಡಾವಣೆಯಾದ ಕೆಂಗೇರಿಯನ್ನು ಹಾದು ಹೋಗುವ ಹೆದ್ದಾರಿಯು ಮೈಸೂರನ್ನು ಮುಟ್ಟುತ್ತದೆ. ಅಲ್ಲಿಯ ಪ್ರಾಚ್ಯ ಗ್ರಂಥಾಲಯದಲ್ಲಿ ರುದ್ರಪಟ್ಟಣದ ಶಾಮಶಾಸ್ತ್ರಿಗಳಿಗೆ ದೊರೆತು, 1909ರಲ್ಲಿ ಮುದ್ರಣಗೊಂಡ ಕೌಟಿಲ್ಯನ ‘ಅರ್ಥಶಾಸ್ತ್ರ’ದ ಅಶ್ವಾಧ್ಯಕ್ಷ ಪ್ರಕರಣವು, ಸವಾರಿಯ ಕುದುರೆಯು ಕಲಿಯಬೇಕಾದ ಗತಿಗಳನ್ನು ವಲ್ಗನ, ಲಂಘನ ಮೊದಲಾಗಿ ವಿಂಗಡಿಸಿ, ಕೊನೆಯದಾಗಿ ‘ನಾರೋಷ್ಟ್ರ’ವನ್ನು ಹೇಳುತ್ತದೆ. ಸವಾರನ ಸಂಜ್ಞೆಯನ್ನರಿತು ನಡೆಯುವುದೇ ನಾರೋಷ್ಟ್ರ. ಇಂದು ‘ಡ್ರೆಸಾಜ್’ ಎಂದು ಕರೆಯಲ್ಪಡುವ ಅಶ್ವಶಿಕ್ಷಾಕಲೆಯ ತಿರುಳೂ ಇದಲ್ಲದೆ ಬೇರೆಯಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿ ಗ್ರೀಕರ ಕ್ಸೆನೊಫೋನನು ನುಣುಪಾದ ಖಲಿನೋಸ್ ಒಂದು, ಒರಟಾದುದು ಒಂದು, ಹೀಗೆ ಎರಡನ್ನಿಟ್ಟುಕೊಳ್ಳಬೇಕೆಂದು ಹೇಳಿದನಾದರೂ, ಬಲಾತ್ಕಾರದಿಂದ ಮಾಡಿಸಿದ ಚಲನೆಯಲ್ಲಿ ಸೌಂದರ್ಯವಿರದೆಂಬುದನ್ನು, ಚಾಟಿಯೇಟಿನಿಂದ ಕುಣಿಸಿದ ನರ್ತಕನ ಉಪಮೆಯಿಂದ ಮನಗಾಣಿಸಿದನು.

ಈ ಕಲೆಯು 1912ರ ಸ್ಟಾಕ್‌ಹೋಮ್ ಒಲಿಂಪಿಕ್ಸಿನಲ್ಲಿ ಸ್ಪರ್ಧೆಯಾಯಿತು; 1921ರಲ್ಲಿ ಅಂತರರಾಷ್ಟ್ರೀಯ ಅಶ್ವಕ್ರೀಡಾ ಒಕ್ಕೂಟವು ಸ್ಥಾಪಿತವಾಯಿತು. ಸ್ಪರ್ಧೆಯಲ್ಲಿ ಸಲ್ಲುವ ಕಡಿವಾಣಗಳು ಎರಡು ತೆರನಾದುವು: ವಾಘೆಯ ಸೆಳೆತವನ್ನು ನೇರವಾಗಿ ಬಾಯಿಗೆ ಮುಟ್ಟಿಸುವ ಸಾದಾ ಕಡಿವಾಣ ಒಂದು, ತೆಳುವಾದ ಸಾದಾ ಕಡಿವಾಣದ ಜೊತೆಗೆ, ಸನ್ನೆಗೋಲಿನಂತೆ ಕೆಲಸಮಾಡುವ ತೋಳುಗಳೂ ಗಲ್ಲದ ಕೆಳಗಿನ ಸರಪಳಿಯೂ ಉಳ್ಳ ಇನ್ನೊಂದನ್ನು ಸೇರಿಸಿದ ಜೋಡಿ ಕಡಿವಾಣ ಮತ್ತೊಂದು. ಜೋಡಿಯಲ್ಲಿ ಸಾದಾ ತುಂಡು 10 ಮಿಲಿಮೀಟರಿಗಿಂತಲೂ ಸನ್ನೆಯ ತುಂಡು 12 ಮಿಲಿಮೀಟರಿಗಿಂತಲೂ ತೆಳುವಾಗಿರಕೂಡದು. ಸನ್ನೆಯ ಕೆಳತೋಳು 10 ಸೆಂಟಿಮೀಟರನ್ನು ಮೀರಕೂಡದು. ಮೂಗುಪಟ್ಟಿಯಡಿಯಲ್ಲಿ ಎರಡು ಬೆರಳು ಆಡುವಷ್ಟು ಸಡಿಲವಿರಬೇಕೆಂಬ ಹಳೆಯ ವಾಡಿಕೆಗೆ ಬದಲಾಗಿ, 2025ರಿಂದ ಮೂಗಿನೆಲುಬಿನ ಮೇಲೆ ಒಂದೂವರೆ ಸೆಂಟಿಮೀಟರಿನ ಅಳತೆಗೋಲನ್ನಿಟ್ಟು ನೋಡುವ ಪದ್ಧತಿಯು ಬಂದಿದೆ.

ಆದರೆ ನಿಯಮವು ಹಿಂಸೆಗೆ ಎಲ್ಲೆಯನ್ನು ಕಟ್ಟಬಲ್ಲುದೇ ಹೊರತು ಸುಖವನ್ನು ತಂದೀಯಲಾರದು. ಸೂಕ್ಷ್ಮಸ್ವಭಾವದ ಕುದುರೆಯು ತಲೆ ಕೊಡವಿದರೆ, ಬಾಯಿ ತೆರೆದರೆ, ನಾಲಗೆಯನ್ನು ಹೊರಚಾಚಿದರೆ, ಮೂಗುಪಟ್ಟಿಯನ್ನು ಬಿಗಿಯುವುದು ನೋವನ್ನು ಮುಚ್ಚುವ ಉಪಾಯವಾದೀತೇ ವಿನಾ ಕಳೆಯುವ ಉಪಾಯವಾಗದು. ಮೊದಲು ವೈದ್ಯರಿಂದ ಹಲ್ಲುಗಳ ಪರೀಕ್ಷೆ ಮಾಡಿಸಬೇಕು. ದಪ್ಪನೆಯ ತುಂಡು ಯಾವಾಗಲೂ ಮೃದುವೆಂಬ ನಂಬಿಕೆಯನ್ನು ಬಿಡಬೇಕು; ನಾಲಗೆಯೇ ಬಾಯನ್ನು ತುಂಬಿರುವ ಕುದುರೆಗೆ ದಪ್ಪವೇ ಹಿಂಸೆ. ತುಂಡಿನ ಅಗಲವು ತುಟಿಗಳನ್ನು ಹಿಂಡದಷ್ಟು, ಅತ್ತಿತ್ತ ಜಾರದಷ್ಟು ಇರಬೇಕು. ನೆತ್ತಿಯ ಪಟ್ಟಿಯು ಕಿವಿಯ ಬುಡವನ್ನು ಒತ್ತದೆ, ಮೂಗುಪಟ್ಟಿಯು ಕೆನ್ನೆಯೆಲುಬನ್ನು ಉಜ್ಜದೆ ಕುಳಿತಿರಬೇಕು.

ಬೆಂಗಳೂರಿನಲ್ಲಿ ಹುಟ್ಟಿದ ಫವಾದ್ ಮಿರ್ಜಾ 2018ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ, ಡ್ರೆಸಾಜನ್ನು ಮೊದಲ ಅಂಗವಾಗಿ ಉಳ್ಳ ಇವೆಂಟಿಂಗಿನಲ್ಲಿ, ಎರಡು ಬೆಳ್ಳಿಯ ಪದಕಗಳನ್ನು ಪಡೆದರು. 2023ರಲ್ಲಿ ಹಾಂಗ್‌ಝೌನಲ್ಲಿ ಭಾರತದ ಡ್ರೆಸಾಜ್ ತಂಡವು ಚಿನ್ನವನ್ನು ಗೆದ್ದಿತು. ಈ ವಿದ್ಯೆಯು ನಮ್ಮ ಮಕ್ಕಳಿಗೆ ಹೀಗೆ ಮರಳಿ ಬರುತ್ತಿರುವುದು ನನಗೆ ಪರಮ ಸಂತೋಷವನ್ನುಂಟುಮಾಡಿದೆ. ಅವರು ಪದಕಕ್ಕಿಂತ ಮುಂಚೆ ಕುದುರೆಯ ಬಾಯನ್ನು ತೆರೆದು ನೋಡುವುದನ್ನು ಕಲಿಯಲಿ. ಸವಾರಿ ಮುಗಿದು ಕಡಿವಾಣವನ್ನು ಕಳಚಿದ ಮೇಲೆ, ಕಟವಾಯಿಯ ಮೇಲೊಮ್ಮೆ ಬೆರಳಾಡಿಸಿ, ಗಾಯವಿಲ್ಲವೆಂದು ತಿಳಿದ ತರುವಾಯವೇ ಲಾಯದ ಬಾಗಿಲನ್ನು ಮುಚ್ಚಲಿ.